ಗೇಮ್ ಮುಚ್ಚಿದ ಮೇಲೆ

ನನ್ನ ಅಣ್ಣ ಒಮ್ಮೆ ಯುದ್ಧವಿಮಾನದ ಸದ್ದಿಗೆ ಅಮ್ಮನನ್ನು ಹೊಡೆದಿದ್ದ. ಕೇಳಿದವರು ನಗುತ್ತಾರೆ, ನಗಲಿ. ನಮ್ಮ ಮನೆ ಯಲಹಂಕದ ಹಳೇ ಊರಿನಲ್ಲಿದೆ. ವಾಯುನೆಲೆಯ ವಿಮಾನಗಳು ತಾಲೀಮು ನಡೆಸುವ ದಿನಗಳಲ್ಲಿ ಕಿಟಕಿಯ ಗಾಜಿನಿಂದ ಹಿಡಿದು ಅಟ್ಟದ ಮೇಲಿನ ಪಾತ್ರೆಗಳವರೆಗೆ ಎಲ್ಲವೂ ಗಡಗಡ ನಡುಗುತ್ತವೆ. ಅಂಥ ಒಂದು ಮಧ್ಯಾಹ್ನ ಅಣ್ಣ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ. ಆ ಆಟದಲ್ಲಿ ಎದುರಾಳಿಯ ಹೆಜ್ಜೆ ಸದ್ದು ಕೇಳಿಸಿಕೊಂಡೇ ಜೀವ ಉಳಿಸಿಕೊಳ್ಳಬೇಕಂತೆ. ವಿಮಾನ ಹಾದುಹೋಯಿತು, ಹೆಜ್ಜೆ ಕೇಳಿಸಲಿಲ್ಲ, ಹಿಂದಿನಿಂದ ಯಾರೋ ಗುಂಡು ಹಾರಿಸಿದರು. ಅಣ್ಣ ಹೆಡ್‌ಫೋನ್ ಕಿತ್ತೆಸೆದು ಕೋಣೆಯಿಂದ ಹೊರಗೆ ಬಂದ. ವಿಮಾನಕ್ಕೆ ಹೊಡೆಯಲಾಗುತ್ತದೆಯೇ? ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮನ ತುರುಬು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಕೊತ್ತಿಯಾದರೆ ಜಿಗಿದು ಓಡುತ್ತಿತ್ತು. ಅಮ್ಮ ಕೂತಲ್ಲೇ ಕೂತಿದ್ದಳು. ಬಿಡಿಸಲು ಹೋದ ನನಗೂ ಬಿತ್ತು.

ಮನೆಯಲ್ಲಿ ಅಮ್ಮ, ಅಣ್ಣ, ಅವನ ತಂಗಿ ನಾನು, ಮೂವರೇ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದ. ಅಣ್ಣ ನನಗಿಂತ ಸ್ವಲ್ಪವೇ ದೊಡ್ಡವನು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮನೆಯಲ್ಲೇ ಕೂತು ಯಾವುದೋ ಕಂಪನಿಯ ಗಿರಾಕಿಗಳ ಬೈಗುಳ ಕೇಳಿಸಿಕೊಳ್ಳುವುದು ಅವನ ಕೆಲಸ. "ಸಾರಿ ಸರ್, ಖಂಡಿತ ಸರ್, ನಿಮ್ಮ ತೊಂದರೆ ಅರ್ಥ ಆಗತ್ತೆ ಸರ್" ಅನ್ನುವಾಗ ಅವನ ಗಂಟಲಿನಲ್ಲಿ ಜೇನು ಸುರಿಯುತ್ತಿತ್ತು. ಕೆಲಸ ಮುಗಿದ ತಕ್ಷಣ ಗೇಮ್ ತೆರೆಯುತ್ತಿದ್ದ. ಅದರಲ್ಲಿ ಅವನಿಗೆ ಜತೆಗಾರರಿದ್ದರು. ಯಾರ ಮುಖವನ್ನೂ ನೋಡಿದವನಲ್ಲ, ಆದರೆ ಅವರ ಮೇಲೆ ಎಂಥ ಪ್ರೀತಿ! "ಪರ್ವಾಗಿಲ್ಲ ಮಗಾ, ನೆಕ್ಸ್ಟ್ ರೌಂಡ್ ನೋಡ್ಕೊಳ್ಳಣ." "ಸೂಪರ್ ಮಚ್ಚಾ, ನೀನ್ ಇಲ್ದಿದ್ರೆ ನಾನ್ ಸತ್ತೇ ಹೋಗ್ತಿದ್ದೆ." ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಗಾದೆ ಕಟ್ಟಿದವರು ನಮ್ಮ ಬೀದಿಯವರೇ ಇರಬೇಕು.

ಸೋತ ದಿನ ಅವನಿಗೆ ಕಾರಣ ಬೇಕಾಗುತ್ತಿತ್ತು. ಅಮ್ಮ ಮಿಕ್ಸಿ ಹಾಕಿದ್ದು ಕಾರಣ. ಮಿಕ್ಸಿ ಬಿಟ್ಟು ಒರಳಿನಲ್ಲಿ ರುಬ್ಬಿದರೆ ಆ ಗುಡುಗುಡು ಕಾರಣ. ಕುಕ್ಕರ್ ಕೂಗಿದ್ದು, ನಾನು ಗೇಟು ತೆರೆದದ್ದು, ಹಾಲಿನವನು ಬೆಲ್ ಮಾಡಿದ್ದು. "ನಿನ್ನಿಂದಾನೇ ಕಣೇ ನಾನ್ ಸತ್ತಿದ್ದು" ಅನ್ನುತ್ತಲೇ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಚಾರ್ಜರಿನ ವೈರು, ಚಪ್ಪಲಿ, ಸ್ಟೀಲ್ ಚೊಂಬು. ವೈರಿನ ಬಾಸುಂಡೆ ಕೆಂಪಗೆ ಎದ್ದು ಮಾರನೇ ದಿನ ನೀಲಿಯಾಗುತ್ತದೆ. ಚೊಂಬಿನ ಏಟು ಕಾಣುವುದೇ ಇಲ್ಲ, ಒಳಗೇ ಕೂತು ನೋಯುತ್ತದೆ. ಗೆದ್ದ ದಿನ ಗೋಬಿ ಮಂಚೂರಿ ತರಿಸುತ್ತಿದ್ದ. ನಾವು ತಿನ್ನುತ್ತಲೂ ಇದ್ದೆವು. ಇದನ್ನು ಬರೆಯುವಾಗ ಅದೇ ಹೆಚ್ಚು ಉರಿಸುತ್ತದೆ.

ಏಟಿಗಿಂತ ಕೆಟ್ಟದ್ದು ಅದು ಯಾವಾಗ ಬೀಳುತ್ತದೆ ಅಂತ ತಿಳಿಯದೆ ಇರುವುದು. ಅವನ ಕೋಣೆಯ ಬಾಗಿಲು ಒರಗಿಕೊಂಡಿರುತ್ತಿತ್ತು. ಆಟ ನಡೆಯುವಾಗಲೂ ಕೂಗುತ್ತಿದ್ದ, ಮೇಜು ಗುದ್ದುತ್ತಿದ್ದ, ಹಾಗಾಗಿ ಸದ್ದು ಕೇಳಿ ಏನೂ ಹೇಳುವಂತಿರಲಿಲ್ಲ. ಆಟ ಮುಚ್ಚಿದ ಮೇಲೆ ಮಾತ್ರ ಅವನು ಹೊರಗೆ ಬರುತ್ತಿದ್ದ. ಅದನ್ನು ಯಾವಾಗ ಮುಚ್ಚುತ್ತಾನೆ ಅನ್ನುವುದೊಂದು ಗೊತ್ತಾದರೆ ಸಾಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಆರ್.ಟಿ. ನಗರದಲ್ಲಿ ಆಡಿಟರ್ ಒಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಲೆಕ್ಕ ಬರೆಯುವ ಪ್ರೋಗ್ರಾಮನ್ನು ಸಂಜೆ ಮುಚ್ಚುವ ಮುಂಚೆ ಬ್ಯಾಕಪ್ ತೆಗೆಯಬೇಕೆಂದು ಸಾವಿರ ಸಲ ಹೇಳಿದರೂ ಯಾರೂ ತೆಗೆಯುತ್ತಿರಲಿಲ್ಲ. ಎಲ್ಲರಿಗೂ ಹೆಬ್ಬಾಳದ ಟ್ರಾಫಿಕ್ ಹೆಚ್ಚುವ ಮೊದಲು ಬಸ್ಸು ಹಿಡಿಯುವ ಆತುರ. ಕೊನೆಗೆ ನಾನೇ ಇಂಟರ್ನೆಟ್ ನೋಡಿ ನೋಡಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಅಂದರೆ ದೊಡ್ಡದೇನಲ್ಲ, ಕಂಪ್ಯೂಟರಿಗೆ ಬರೆದಿಟ್ಟ ಕೆಲವು ಸಾಲಿನ ಅಪ್ಪಣೆ. ಅದು ಹಿಂದೆ ಕೂತು ಕೆಲವು ಸೆಕೆಂಡಿಗೊಮ್ಮೆ ಕೇಳುತ್ತಿರುತ್ತದೆ: ಆ ಪ್ರೋಗ್ರಾಂ ತೆರೆದಿದೆಯಾ? ತೆರೆದಿದೆಯಾ? ಇಲ್ಲ ಅಂತ ಉತ್ತರ ಬಂದ ಕೂಡಲೇ ಒಪ್ಪಿಸಿದ ಕೆಲಸ ಶುರು ಮಾಡುತ್ತದೆ. ನಾವು ಚಪ್ಪಲಿ ಮೆಟ್ಟುವಷ್ಟರಲ್ಲಿ ಬ್ಯಾಕಪ್ ಮುಗಿದಿರುತ್ತಿತ್ತು. ಆಡಿಟರು ಖುಷಿಯಾಗಿ ಎಲ್ಲರಿಗೂ ಖಾರಾಬನ್ ತರಿಸಿದರು. ನಾನು ಆ ಸಂಭ್ರಮವನ್ನು ಮನೆಯಲ್ಲೂ ಹೇಳಿದ್ದೆ.

ಒಂದು ಭಾನುವಾರ ಅಣ್ಣನೇ ಕರೆದ. ಅವನು ತನ್ನ ಆಟವನ್ನೆಲ್ಲ ರೆಕಾರ್ಡ್ ಮಾಡಿ ಇಡುತ್ತಿದ್ದ.

"ಲೇ, ನಿಮ್ ಆಫೀಸಲ್ಲಿ ಏನೋ ತಾನೇ ಕಾಪಿ ಆಗತ್ತೆ ಅಂತಿದ್ಯಲ್ಲ, ಅದನ್ನ ನಂಗೂ ಹಾಕ್ಕೊಡು. ಗೇಮ್ ಕ್ಲೋಸ್ ಮಾಡಿದ್ ತಕ್ಷಣ ರೆಕಾರ್ಡಿಂಗ್ ಎಲ್ಲ ಆ ಡ್ರೈವ್‌ಗೆ ಹೋಗ್ಬೇಕು. ಇಲ್ಲಿ ಜಾಗಾನೇ ಇಲ್ಲ."

"ಹಾಕ್ಕೊಡ್ತೀನಿ."

"ಏನೂ ಕೆಡಿಸ್ದೇ ಇದ್ರೆ ಸಾಕು ನೀನು."

ಅವನ ಕುರ್ಚಿಯಲ್ಲಿ ಕೂತು ಬರೆದುಕೊಟ್ಟೆ. ಗೇಮ್ ಮುಚ್ಚಿದರೆ ರೆಕಾರ್ಡಿಂಗುಗಳು ಬೇರೆ ಡ್ರೈವಿಗೆ ಹೋಗಲಿ. ಅದರ ಮೇಲೆ, ಅವನು ಕೇಳದೆ ಇದ್ದ ಒಂದು ಸಾಲನ್ನೂ ಸೇರಿಸಿದೆ: ನನ್ನ ಫೋನಿಗೊಂದು ಮೆಸೇಜ್ ಬರಲಿ. ಅವನು ಹಿಂದೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದ. ಒಂದು ಸಲ ಆಡಿ, ಮುಚ್ಚಿ, ಫೈಲು ಹೋಗಿದ್ದು ನೋಡಿ, "ಪರ್ವಾಗಿಲ್ವೇ, ತಲೆ ಇದೆ ನಿಂಗೆ" ಅಂದು ನೆತ್ತಿಯ ಮೇಲೆ ಮೊಟಕಿದ. ಪ್ರೀತಿಯಿಂದ ಮೊಟಕಿದ್ದಂತೆ. ಅದೂ ನೋಯಿತು.

ಗೇಮ್ ಮುಚ್ಚಿದ ಮೇಲೆ ಅವನು ಒಮ್ಮೆಲೇ ಹೊರಗೆ ಬರುತ್ತಿರಲಿಲ್ಲ. ಹೆಡ್‌ಫೋನ್ ತೆಗೆಯಬೇಕು, ಬಾಟಲಿಯಲ್ಲಿನ ನೀರು ಕುಡಿಯಬೇಕು, ಸೋತಿದ್ದನ್ನು ನೆನೆಸಿಕೊಂಡು ಸ್ವಲ್ಪ ಕುದಿಯಬೇಕು. ಆ ಸಂದಿಯಲ್ಲಿ ಅಮ್ಮ ಮನೆಯಿಂದ ಹೊರಗಿರಬೇಕು, ಇಷ್ಟೇ ನನ್ನ ಲೆಕ್ಕ. ಅಮ್ಮನದು ಬಟನ್ ಫೋನ್. ನನಗೆ ಮೆಸೇಜ್ ಬಂದ ತಕ್ಷಣ, ಕಚೇರಿಯಲ್ಲಿರಲಿ, ಹೆಬ್ಬಾಳದ ಫ್ಲೈಓವರಿನಲ್ಲಿ ಬಸ್ಸು ನಿಂತಿರಲಿ, ಅಮ್ಮನಿಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಫೋನ್ ಒಂದೇ ಸಲ ಹೊಡೆದು ನಿಂತರೆ ಅಮ್ಮ ಎದ್ದು ಪಕ್ಕದ ಮನೆಗೆ ಹೋಗಬೇಕು. ಪಕ್ಕದ ಮನೆಯವರ ಮನೆಮಾತು ದಖನಿ ಉರ್ದು. ಆ ಮನೆಯಾಕೆಯನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುವುದು.

ಆದರೆ ಅಮ್ಮ ಸುಮ್ಮಸುಮ್ಮನೆ ಒಬ್ಬರ ಮನೆ ಮೆಟ್ಟಿಲು ಹತ್ತುವವಳಲ್ಲ. ನೆಪ ಬೇಕು. ಒಂದು ಬಟ್ಟಲು ಹಿಡಿದು "ಸ್ವಲ್ಪ ಹೆಪ್ಪು ಇದ್ರೆ ಕೊಡವ್ವಾ" ಅಂತ ಹೋಗುತ್ತಿದ್ದಳು. ಖಾಲಾ ಕೂರಿಸಿ, ಟೀ ಕೊಟ್ಟು, ಊರ ಸುದ್ದಿಯೆಲ್ಲ ಹೇಳಿ, ನಮ್ಮ ಮನೆಯ ಗಲಾಟೆ ತಣ್ಣಗಾದ ಮೇಲೆ ಒಂದು ಚಮಚ ಮೊಸರು ಹಾಕಿ ಕಳಿಸುತ್ತಿದ್ದಳು. ಆಕೆಗೆ ಎಲ್ಲ ಗೊತ್ತಿತ್ತು, ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ದಿನವೂ ಹೆಪ್ಪು ಬಂದು ಬಂದು ನಮ್ಮ ಮನೆಯಲ್ಲಿ ಮೊಸರೋ ಮೊಸರು. ಅಣ್ಣ ಹೊರಗೆ ಬಂದು ಯಾರೂ ಇಲ್ಲದ ಮನೆಯಲ್ಲಿ ಕುರ್ಚಿ ಒದ್ದು, ತಟ್ಟೆ ಎಸೆದು, ಸುಮ್ಮನಾಗುತ್ತಿದ್ದ. ಕೆಲವು ತಿಂಗಳು ಹೀಗೆ ನಡೆಯಿತು. ಅಮ್ಮನ ತೋಳಿನ ನೀಲಿ ಹಳದಿಗೆ ತಿರುಗಿ ಮಾಯವಾಯಿತು. ನಾನು ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ಸಂಜೆ ಅವನ ಆಟ ಎಂದಿಗಿಂತ ಉದ್ದ ನಡೆಯಿತು. ನಾನು ಬಸ್ಸಿನಲ್ಲಿದ್ದೆ, ಮೆಸೇಜ್ ಬಂತು, ಮಿಸ್ಡ್ ಕಾಲ್ ಕೊಟ್ಟೆ. ಮನೆಗೆ ಬಂದು ನೋಡಿದರೆ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಲಟ್ಟಣಿಗೆ ಬಿದ್ದಿತ್ತು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಅಣ್ಣ ಕೋಣೆಯಲ್ಲಿ ಫೋನ್ ನೋಡಿಕೊಂಡು ಮಲಗಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ ಅಮ್ಮ "ಬಚ್ಚಲಲ್ಲಿ ಜಾರ್ ಬಿದ್ದೆ ಸಾರ್" ಅಂದಳು. ಪ್ಲಾಸ್ಟರ್ ಹಾಕಿಸಿ ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಕೇಳಿದೆ.

"ಫೋನ್ ಹೊಡೀತಲ್ಲಮ್ಮ. ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ ಯಾಕ್ ಹೋಗ್ಲಿಲ್ಲ?"

ಅಮ್ಮ ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದಳು. "ದೀಪ ಹಚ್ಚಿದ್ ಮ್ಯಾಲೆ ಯಾರಾದ್ರೂ ಹೆಪ್ಪು ಕೇಳ್ತಾರೇನೇ? ಅವಳ ಮನೆ ಲಕ್ಷ್ಮೀನ ನಾನ್ಯಾಕ್ ಎತ್ಕೊಂಡ್ ಬರ್ಲಿ?"

ಹೌದು, ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಕೇಳುವುದಿಲ್ಲ, ಕೊಡುವುದೂ ಇಲ್ಲ. ಖಾಲಾಗೆ ಆ ಶಾಸ್ತ್ರವೂ ಇಲ್ಲ, ಲಕ್ಷ್ಮಿಯ ಭಯವೂ ಇಲ್ಲ.

"ಹೆಪ್ಪು ಕೇಳ್ದೆ ಸುಮ್ನೆ ಹೋಗಿ ಕೂತ್ಕೋಬಹುದಿತ್ತಲ್ಲಮ್ಮ!"

"ಸುಮ್ನೆ ಯಾಕ್ ಹೋಗ್ಲಿ? ಏನಂದ್ಕೊಂತಾರೆ?"

ನನಗೆ ಅಲ್ಲೇ ಕಿರುಚಬೇಕು ಅನ್ನಿಸಿತು. ಕಂಪ್ಯೂಟರಿಗೆ ನಾನು ಎಲ್ಲವನ್ನೂ ಹೇಳಿಕೊಟ್ಟಿದ್ದೆ. ಅಮ್ಮನಿಗೆ ನೆಪವಿಲ್ಲದೆ ಬಾಗಿಲು ದಾಟಬಹುದು ಅನ್ನುವುದನ್ನು ಹೇಳಿಕೊಡಬೇಕು ಅಂತ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವಳು ಕಲಿಯುತ್ತಿರಲಿಲ್ಲ.

ಮಾರನೇ ದಿನ ನಾನೊಬ್ಬಳೇ ಪೊಲೀಸ್ ಠಾಣೆಗೆ ಹೋದೆ. ಮೇಜಿನ ಹಿಂದಿದ್ದವರು ತಾಳ್ಮೆಯಿಂದಲೇ ಕೇಳಿದರು. "ನೋಡಮ್ಮ, ಏಟು ತಿಂದಿರೋರು ನಿಮ್ಮಮ್ಮ. ಅವರೇ ಜಾರ್ ಬಿದ್ದೆ ಅಂತ ಆಸ್ಪತ್ರೇಲಿ ಹೇಳಿದ್ದಾರೆ. ಅವರು ಬಂದು ಹೇಳ್ಲಿ. ಇಲ್ಲಾ ಏನಾದ್ರೂ ಸಾಕ್ಷಿ ತಗೊಂಬನ್ನಿ. ಅಣ್ಣಂಗೆ ಬೇಕಾದ್ರೆ ಕರೆದು ಬುದ್ಧಿ ಹೇಳ್ತೀವಿ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬುದ್ಧಿ ಹೇಳಿಸಿಕೊಂಡು ಮನೆಗೆ ಬಂದವನು ಏನು ಮಾಡುತ್ತಾನೆ ಅಂತ ನನಗೆ ಗೊತ್ತಿತ್ತು. ಬೇಡ ಅಂದು ವಾಪಸ್ಸು ಬಂದೆ.

ಅಣ್ಣ ಹೊರಗೆ ಹೋಗಿದ್ದ ಹೊತ್ತು ನೋಡಿ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದ್ದು ಆಗಲೇ. ಅಣ್ಣನ ಮೇಜಿನ ಮೇಲೆ ಒಂದು ಮೈಕ್ ನಿಂತಿರುತ್ತಿತ್ತು, ಜತೆಗಾರರಿಗೆ ತನ್ನ ಮಾತು ಸ್ಪಷ್ಟವಾಗಿ ಕೇಳಲಿ ಅಂತ ಕೊಂಡಿದ್ದು. ಇರುವೆ ಕೆಮ್ಮಿದರೂ ಹಿಡಿಯುವಂಥದ್ದು. ಗೇಮ್ ಮುಚ್ಚಿದ ಕೂಡಲೇ ಆ ಮೈಕ್ ತೆರೆದುಕೊಂಡು, ಆಮೇಲಿನ ಸದ್ದನ್ನೆಲ್ಲ ಸ್ವಲ್ಪ ಹೊತ್ತು ಹಿಡಿದು, ನನ್ನ ಫೋನಿಗೆ ಕಳಿಸುವ ಹಾಗೆ ಮಾಡಿದೆ. ಸಾಕ್ಷಿ ಸಿಗಬೇಕಾದರೆ ಯಾರಾದರೂ ಏಟು ತಿನ್ನಬೇಕು. ಅಮ್ಮ ತಿನ್ನುವುದು ಬೇಡ, ನಾನೇ ತಿನ್ನುತ್ತೇನೆ ಅಂತ ನಿರ್ಧರಿಸಿದೆ.

ಅಮ್ಮನ ಪ್ಲಾಸ್ಟರ್ ಬಿಚ್ಚಿದ ಮೇಲಿನ ಒಂದು ಶನಿವಾರ. ಇನ್ನೂ ಬೆಳಕಿತ್ತು. ಅಮ್ಮನ ಕೈಗೆ ಬಟ್ಟಲು ಕೊಟ್ಟು ಖಾಲಾ ಮನೆಗೆ ಕಳಿಸಿದೆ. ಕೋಣೆಯಿಂದ ಅಣ್ಣನ ಪಿಸುಮಾತು ಬರುತ್ತಿತ್ತು, "ಇರು ಮಗಾ ಇರು, ಹೆಜ್ಜೆ ಕೇಳಿಸ್ತಿದೆ, ಅಲ್ಲಾಡ್ಬೇಡ." ನಾನು ಅಡುಗೆಮನೆಗೆ ಹೋಗಿ ಮಿಕ್ಸಿಗೆ ಖಾಲಿ ಜಾರ್ ಇಟ್ಟು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಒಳಗೆ ಏನೂ ಇಲ್ಲದ ಮಿಕ್ಸಿ ಕರ್ಕಶವಾಗಿ ಅರಚಿತು. ಅವನೂ ಅರಚಿದ. ನಾನು ನಿಲ್ಲಿಸಲಿಲ್ಲ. ಜೀವಮಾನದಲ್ಲಿ ಯಾವ ಕೆಲಸವನ್ನೂ ನಾನು ಅಷ್ಟು ಸಿಟ್ಟಿನಿಂದ ಮಾಡಿಲ್ಲ.

ಫೋನಿಗೆ ಮೆಸೇಜ್ ಬಂತು. ಗೇಮ್ ಮುಚ್ಚಿತ್ತು.

ಈ ಸಲ ಅವನು ನೀರೂ ಕುಡಿಯಲಿಲ್ಲ. ಅಡುಗೆಮನೆಗೆ ಬಂದವನೇ ಮಿಕ್ಸಿ ಆರಿಸಿ, ಜಾರ್ ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೂದಲು ಹಿಡಿದು ಹಜಾರಕ್ಕೆ ಎಳೆದ. "ಬೇಕಂತಾನೇ ಮಾಡಿದ್ಯಾ? ಬೇಕಂತಾನೇ ಮಾಡಿದ್ಯೇನೇ?" ಮೊದಲ ಏಟು ಕಿವಿಯ ಮೇಲೆ ಬಿತ್ತು. ಗುಂಯ್ ಅನ್ನುವುದು ತಲೆಯೆಲ್ಲ ತುಂಬಿಕೊಂಡಿತು, ಅಲ್ಲಿಂದ ಮುಂದಿನದೆಲ್ಲ ನನಗೆ ಸದ್ದಿಲ್ಲದೆ ನಡೆಯಿತು. ಬಿದ್ದೆ. ಹೊಟ್ಟೆಗೆ ಒದ್ದ. ಎದ್ದು ಕೂತಾಗ ಮಿಕ್ಸಿಯ ಜಾರಿನಿಂದ ಹಣೆಗೆ ಬೀಸಿದ, ಕಣ್ಣಿಗೆ ರಕ್ತ ಇಳಿಯಿತು. ನಾನೂ ಅವನ ಕೈ ಕಚ್ಚಿದೆ, ಬಾಯಿಗೆ ಉಪ್ಪುಪ್ಪಾಗುವವರೆಗೆ ಕಚ್ಚಿದೆ, ಅದನ್ನು ಮುಚ್ಚಿಡುವುದಿಲ್ಲ. ಕೊಲ್ಲುವಷ್ಟು ದ್ವೇಷ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ ಕಂಡಳು. ಒಲೆಯ ಮೇಲೆ ಎಸರಿಟ್ಟು ಹೋಗಿದ್ದು ನೆನಪಾಗಿ ಬಂದಿದ್ದಳಂತೆ. ನಡುವೆ ನುಗ್ಗಿದಳು. ಅವನು ಅವಳ ಬಾಯಿಯ ಮೇಲೆ ಹೊಡೆದ, ಕುತ್ತಿಗೆ ಹಿಡಿದು ಬಾಗಿಲ ಚೌಕಟ್ಟಿಗೆ ಒತ್ತಿದ, ಮತ್ತೆ ಹೊಡೆದ. ನಾನು ಗೋಡೆ ಹಿಡಿದು ಏಳಲು ನೋಡುತ್ತಿದ್ದೆ, ಕಾಲು ನಿಲ್ಲುತ್ತಿರಲಿಲ್ಲ. ಅಮ್ಮನ ತುಟಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅವನು ಗಾಡಿ ತೆಗೆದುಕೊಂಡು ಹೊರಟುಹೋದ.

ಖಾಲಾ ಓಡಿಬಂದು ನನ್ನ ಹಣೆಗೆ ತನ್ನ ದುಪಟ್ಟಾ ಒತ್ತಿ ಹಿಡಿದಳು. ಅಮ್ಮ ಪಾತ್ರೆ ಎತ್ತಿಡಲು ಹೋದಳು. "ಅಕ್ಕಾ, ಬಿಡು ಅದನ್ನ" ಅಂತ ಖಾಲಾ ನನ್ನ ಸರಿಯಿದ್ದ ಕಿವಿಗೆ ಕೇಳುವಷ್ಟು ಜೋರಾಗಿ ಗದರಿದಳು. "ಆಟೋ ಕರ್ದಿದ್ದೀನಿ. ಹತ್ತು." ಅಮ್ಮ ಆಸ್ಪತ್ರೆಗೆ ಅಂದುಕೊಂಡು ಹತ್ತಿದಳು. ದಾರಿಯಲ್ಲಿ ನಾನು ಫೋನಿಗೆ ಬಂದಿದ್ದ ರೆಕಾರ್ಡಿಂಗ್ ತೆರೆದೆ. ಮೊದಲ ಏಟಿನ ಸದ್ದು ಕೇಳಿ ನಿಲ್ಲಿಸಿದೆ. ಮುಂದೆ ಕೇಳುವ ಧೈರ್ಯ ಬರಲಿಲ್ಲ.

ಖಾಲಾ ಹೇಳಿಟ್ಟಿದ್ದಂತೆ ಆಟೋ ನಿಂತಿದ್ದು ಠಾಣೆಯ ಮುಂದೆ. ಈ ಸಲ ಒಳಗಿದ್ದವರು ಒಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್. ನನ್ನ ಹಣೆ, ಅಮ್ಮನ ಒಡೆದ ತುಟಿ ನೋಡಿ ಕುರ್ಚಿ ತೋರಿಸಿದರು. ಅಮ್ಮ ಕೂರುವ ಮೊದಲೇ ಶುರು ಮಾಡಿದಳು.

"ಏನಿಲ್ಲ ಮೇಡಮ್. ನಾನ್ ಜಾರ್ ಬಿದ್ದೆ. ಇವ್ಳು ಎತ್ತಾಕ್ ಬಂದು ಇವ್ಳೂ ಬಿದ್ಲು."

ನಾನು ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದೆ. ಕೋಣೆಯ ತುಂಬ ಆ ಸದ್ದು ಬಂತು. ಧಡಾರನೆ ಏನೋ ಬಿದ್ದದ್ದು, ಕೆನ್ನೆಯ ಏಟು, ಒದೆ, ಕಿರುಚಾಟ, ಬೈಗುಳ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ತಿರುಗಿ ನೋಡಿದರು.

"ಅದು ಗೇಮಿನ ಸೌಂಡು ಮೇಡಮ್" ಅಂದಳು ಅಮ್ಮ. ತುಟಿಯ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಅಂದಳು. "ನನ್ ಮಗ ಕಂಪ್ಯೂಟರಲ್ಲಿ ಆಡ್ತಾನಲ್ಲ, ಅದ್ರಲ್ಲಿ ಬರೀ ಹೊಡಿಯಾದು ಬಡಿಯಾದೇ ಇರ್ತದೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆ ಕ್ಷಣ ನನಗೆ ಅಣ್ಣನ ಮೇಲೆ ಇದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ಅಮ್ಮನ ಮೇಲೆ ಬಂತು. ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ನನ್ನ ಕೈ ಮುಷ್ಟಿ ಕಟ್ಟಿದ್ದು ನೋಡಿ ನಾನೇ ಹೆದರಿದೆ. ಅದು ಅಣ್ಣನ ಮುಷ್ಟಿಯ ಹಾಗೇ ಇತ್ತು. ಕೈಯನ್ನು ತೊಡೆಯ ಕೆಳಗಿಟ್ಟು ಕೂತೆ.

"ಗೇಮಿನ ಸೌಂಡ್ ಆಗೋಕೆ ಸಾಧ್ಯಾನೇ ಇಲ್ಲ ಮೇಡಮ್" ಅಂದೆ. "ಇದನ್ನ ರೆಕಾರ್ಡ್ ಮಾಡೋ ಸ್ಕ್ರಿಪ್ಟ್ ಬರ್ದಿರೋಳು ನಾನು. ಗೇಮ್ ಓಡ್ತಿರೋವರ್ಗೂ ಅದು ಸುಮ್ನೆ ಇರತ್ತೆ. ಗೇಮ್ ಮುಚ್ಚಿದ್ ಮೇಲೇನೇ ಮೈಕ್ ಆನ್ ಆಗೋದು."

"ಅಂದ್ರೆ ಇದ್ರಲ್ಲಿರೋದೆಲ್ಲ ಗೇಮ್ ಮುಗಿದ್ ಮೇಲಿಂದು?"

"ಎಲ್ಲಾನೂ."

"ಅವ್ಳಿಗೇನ್ ಗೊತ್ತು ಮೇಡಮ್" ಅಂದಳು ಅಮ್ಮ. "ಮಿಷಿನ್ನು ತಾನೆ, ತಪ್ಪಾಗಿರ್ತದೆ."

ಇನ್‌ಸ್ಪೆಕ್ಟರ್ ಸೌಂಡ್ ಜಾಸ್ತಿ ಮಾಡಿ ಮುಂದಕ್ಕೆ ಕೇಳುತ್ತಾ ಕೂತರು. ನನ್ನ ಕಿವಿ ಮುಚ್ಚಿದ್ದ ಹೊತ್ತಿನದೆಲ್ಲ ಈಗ ನನಗೂ ಕೇಳಿಸಿತು. ಅಮ್ಮನ ಬಾಯಿಯ ಮೇಲೆ ಬಿದ್ದ ಏಟು. ಮತ್ತೊಂದು. ಅವಳ ತಲೆ ಚೌಕಟ್ಟಿಗೆ ತಾಗಿದ್ದು. ಆಮೇಲೆ ಎಲ್ಲ ನಿಂತು, ಏದುಸಿರು ಮಾತ್ರ. ಅದರ ನಡುವೆ ಅಮ್ಮನ ದನಿ, ದಿನವೂ ಇರುವಂಥದೇ ಮೆತ್ತಗಿನ ದನಿ:

"ಸಾಕ್ ಬಿಡಪ್ಪ. ಕೈ ತೊಳ್ಕಂಡ್ ಬಾ, ಮುದ್ದೆ ಮಾಡ್ಕೊಡ್ತೀನಿ."

ಬಾಗಿಲು ಬಡಿದ ಸದ್ದು, ಗಾಡಿಯ ಸದ್ದು, ಅಷ್ಟೇ.

ಇನ್‌ಸ್ಪೆಕ್ಟರ್ ರೆಕಾರ್ಡಿಂಗ್ ನಿಲ್ಲಿಸಿದರು. "ಗೇಮಲ್ಲಿ ಮುದ್ದೆ ಮಾಡ್ಕೊಡ್ತಾರೇನಮ್ಮ?" ಅಂತ ಕೇಳಿದರು. ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಯಾರೂ ನಗಲಿಲ್ಲ.

ಅಮ್ಮ ಮೇಜಿನ ಕಡೆಗೆ ಬಾಗಿದಳು. "ಇನ್ನೊಂದ್ ಸಲ ಹಾಕಿ" ಅಂದಳು. ಹಾಕಿದರು. ಅವಳು ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಕೇಳುತ್ತಾ ಕೇಳುತ್ತಾ ಅವಳ ಮುಖದಲ್ಲಿ ಏನೋ ಕುಸಿಯಿತು.

"ಇಂಗಾ ಮಾತಾಡಾದು ನಾನು?" ಅಂತ ನನ್ನನ್ನು ಕೇಳಿದಳು. "ಅಷ್ಟ್ ಒದೆ ತಿಂದು, ಇಂಗಾ?"

ನಾನು ಹೂಂ ಅಂದೆ.

ಅಮ್ಮ ಸೆರಗನ್ನು ತುಟಿಯಿಂದ ತೆಗೆದು, ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೂತು, "ಬರ್ಕೊಳಿ ಮೇಡಮ್, ಹೊಡ್ದಿದ್ದು ನನ್ ಮಗ" ಅಂದಳು. ಅವನ ಹೆಸರು ಕೇಳಿದಾಗ ಅಪ್ಪನ ಹೆಸರನ್ನೂ ಸೇರಿಸಿ, ನಿಧಾನವಾಗಿ, ಪೂರ್ತಿ ಹೇಳಿದಳು.